ತಿದ್ದುವ ಆಜ್ಞೆಯ ಕಾರ್ಯಯೋಜನೆ: ಹ್ಯಾಲೋವೀನ್ ಸಮಸ್ಯೆಯ ಐತಿಹಾಸಿಕ ವಿವೇಚನೆ

ಡೇಟಾಬೇಸಿಗೆ ನೀಡುವ ಆಜ್ಞೆಯಲ್ಲಿ ಬೇಕಾದುದು ಏನೆಂಬುದಷ್ಟೇ ಇರುತ್ತದೆ. ಅದನ್ನು ಯಾವ ದಾರಿಯಿಂದ ಸಾಧಿಸಬೇಕೆಂಬುದನ್ನು ವ್ಯವಸ್ಥೆಯೇ ನಿರ್ಧರಿಸುತ್ತದೆ. ಹೀಗೆ ನಿರ್ಧಾರವಾದ ದಾರಿಯೇ ಕಾರ್ಯಯೋಜನೆ. 1970ರಲ್ಲಿ ಇ. ಎಫ್. ಕಾಡ್ ಅವರು ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯ ಪ್ರಬಂಧವು ಈ ವಿಭಜನೆಗೆ ತಳಹದಿ ಹಾಕಿತು. ದಾರಿ ಯಾವುದಾದರೂ ಫಲ ಒಂದೇ, ವ್ಯತ್ಯಾಸವೇನಿದ್ದರೂ ವೆಚ್ಚದಲ್ಲಿ ಮಾತ್ರ ಎಂಬ ನಂಬಿಕೆ ಇದರ ಹಿಂದಿತ್ತು. ಓದುವ ಆಜ್ಞೆಗಳ ಮಟ್ಟಿಗೆ ಈ ನಂಬಿಕೆ ಸಲ್ಲುತ್ತದೆ. ತಿದ್ದುವ ಆಜ್ಞೆಗಳಲ್ಲಿ ಅದು ತಾನಾಗಿ ಸಿದ್ಧಿಸುವುದಿಲ್ಲವೆಂಬುದು ತಿಳಿದುಬಂದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಐ.ಬಿ.ಎಂ. ಸಂಸ್ಥೆಯು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ನಡೆಸಿದ ‘ಸಿಸ್ಟಂ ಆರ್’ ಸಂಶೋಧನೆಯ ಕಾಲದಲ್ಲಿ, 25,000 ಡಾಲರಿಗಿಂತ ಕಡಿಮೆ ಸಂಬಳವಿದ್ದ ನೌಕರರಿಗೆಲ್ಲ ಶೇಕಡಾ 10ರಷ್ಟು ಏರಿಕೆ ಕೊಡುವ ಒಂದು ಆಜ್ಞೆಯನ್ನು ನಡೆಸಲಾಯಿತು. ದೋಷಸೂಚನೆ ಯಾವುದೂ ಬರಲಿಲ್ಲ. ಆದರೆ ಕೆಲಸ ಮುಗಿದಾಗ 25,000ಕ್ಕಿಂತ ಕಡಿಮೆ ಸಂಬಳದವನು ಒಬ್ಬನೂ ಉಳಿದಿರಲಿಲ್ಲ!

ಕಾರಣ ಕಾರ್ಯಯೋಜನೆಯಲ್ಲಿತ್ತು. ಅದು ಸಂಬಳದ ಮೇಲಿನ ಇಂಡೆಕ್ಸನ್ನು ಹಿಡಿದು, ಕಡಿಮೆ ಮೊತ್ತದಿಂದ ಹೆಚ್ಚಿನ ಮೊತ್ತದತ್ತ ಸಾಗುತ್ತಿತ್ತು. 20,000 ಡಾಲರಿನ ನೌಕರನ ಸಂಬಳ 22,000 ಆದೊಡನೆ ಅವನ ನಮೂದು ಇಂಡೆಕ್ಸಿನಲ್ಲಿ ಮುಂದಕ್ಕೆ ಸರಿಯಿತು. ಓದು ಅಲ್ಲಿಗೆ ತಲುಪಿದಾಗ ಅವನೇ ಮತ್ತೆ ಎದುರಾದ. ಹೀಗೆ 24,200, ಬಳಿಕ 26,620 ಆದ ಮೇಲಷ್ಟೇ ಅವನು ಷರತ್ತಿನಿಂದ ಹೊರಬಿದ್ದ. ಜನಗಣತಿಯವನು ಬೀದಿಯಲ್ಲಿ ಸಾಗುತ್ತಿರುವಾಗ ಎಣಿಸಿಕೊಂಡವರು ಓಡಿಹೋಗಿ ಮುಂದಿನ ಮನೆಗಳಲ್ಲಿ ಕುಳಿತಂತೆ. ಇದೇ ಆಜ್ಞೆ ಬೇರೆ ದಾರಿ ಹಿಡಿದಿದ್ದರೆ ಉತ್ತರ ಸರಿಯಾಗಿಯೇ ಇರುತ್ತಿತ್ತು. ದಾರಿಯೇ ಫಲವನ್ನು ಬದಲಿಸಿತೆಂಬುದು ಗಮನಾರ್ಹ.

ಇದನ್ನು ಕಂಡುಹಿಡಿದವರಲ್ಲಿ ಪ್ಯಾಟ್ರಿಷಿಯಾ ಸೆಲಿಂಜರ್ ಮತ್ತು ಮಾರ್ಟನ್ ಆಸ್ಟ್ರಹಾನ್ ಪ್ರಮುಖರು. ಅವರ ಸಹೋದ್ಯೋಗಿ ಡೊನಾಲ್ಡ್ ಚೇಂಬರ್ಲಿನ್ ನೆನೆದಿರುವಂತೆ, ಅಂದು ಹ್ಯಾಲೋವೀನ್ ಹಬ್ಬ, ಶುಕ್ರವಾರ. ಆ ಮಧ್ಯಾಹ್ನ ಪರಿಹಾರ ಸಾಧ್ಯವಿಲ್ಲವೆಂದು ಹಬ್ಬದ ಹೆಸರನ್ನಷ್ಟೇ ಇಟ್ಟು ಮುಂದಿನ ವಾರಕ್ಕೆ ಬಿಟ್ಟರು. ಭೂತಪ್ರೇತಗಳಿಗೂ ಈ ಹೆಸರಿಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಈ ಘಟನೆಯನ್ನು 1976ಕ್ಕೆ ಹಚ್ಚುತ್ತಾರೆ. ಆದರೆ 1976ರ ಅಕ್ಟೋಬರ್ 31 ಭಾನುವಾರ. ಶುಕ್ರವಾರ ಬಿದ್ದದ್ದು 1975ರಲ್ಲಿ. ವಾರದ ನೆನಪು ತಪ್ಪಿತೋ, ವರ್ಷವನ್ನು ಹಚ್ಚಿದವರು ತಪ್ಪಿದರೋ? ಎರಡನ್ನೂ ಒಟ್ಟಿಗೆ ಒಪ್ಪಲಾಗದೆಂಬುದಂತೂ ಸ್ಪಷ್ಟ.

ತಿದ್ದಲ್ಪಡುವ ಅಂಕಣದ ಇಂಡೆಕ್ಸನ್ನು ಓದಿಗೆ ಬಳಸದಿರುವುದು ಒಂದು ಪರಿಹಾರ. ತಿದ್ದಬೇಕಾದ ಸಾಲುಗಳನ್ನೆಲ್ಲ ಮೊದಲು ಸಂಗ್ರಹಿಸಿಕೊಂಡು ಬಳಿಕ ಬರೆಯುವುದು ಇನ್ನೊಂದು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಂಥ ಆಜ್ಞೆಯ ಯೋಜನೆಯನ್ನು ತೆರೆದರೆ, ಓದಿಗೂ ಬರಹಕ್ಕೂ ನಡುವೆ ‘ಈಗರ್ ಸ್ಪೂಲ್’ ಎಂಬ ಹಂತ ಹಲವೊಮ್ಮೆ ಕಾಣುತ್ತದೆ. ವೆಚ್ಚವನ್ನಷ್ಟೇ ನೋಡುವವನಿಗೆ ಅದು ದಂಡ. ವಾಸ್ತವವಾಗಿ ಅದು ಆ ನೌಕರನಿಗೆ ಒಂದೇ ಏರಿಕೆ ಸಿಗುವಂತೆ ಕಾಯುವ ಗೋಡೆ. ಎಲ್ಲ ಸಾಲುಗಳನ್ನೂ ಓದಿ ಮುಗಿಸದೆ ಮುಂದುವರಿಯದ ವಿಂಗಡಣೆಯ ಹಂತವೊಂದು ನಡುವೆ ಇದ್ದರೆ, ಅದೇ ಗೋಡೆಯ ಕೆಲಸ ಮಾಡಬಲ್ಲದು.

ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಗೋಡೆಯನ್ನು ಹುಡುಕಬೇಕಾಗಿಲ್ಲ. ಅಲ್ಲಿ ಪ್ರತಿ ತಿದ್ದುಪಡಿಯೂ ಸಾಲಿನ ಹೊಸ ಪ್ರತಿಯನ್ನು ಹುಟ್ಟಿಸುತ್ತದೆ. ತಾನೇ ಹುಟ್ಟಿಸಿದ ಪ್ರತಿಗಳು ಆ ಆಜ್ಞೆಯ ಓದಿಗೆ ಕಾಣಿಸುವುದಿಲ್ಲ. ಆದರೆ ಅಲ್ಲಿ ಬೇರೊಂದು ಎಚ್ಚರ ಬೇಕು. ‘ಎಕ್ಸ್‌ಪ್ಲೇನ್’ ಎಂದಷ್ಟೇ ಕೇಳಿದರೆ ಯೋಜನೆ ಮಾತ್ರ ದೊರೆಯುತ್ತದೆ. ‘ಅನಲೈಜ್’ ಎಂಬುದನ್ನು ಸೇರಿಸಿದರೆ ಆಜ್ಞೆಯೇ ನಡೆದು ದತ್ತಾಂಶ ತಿದ್ದಲ್ಪಡುತ್ತದೆ. ಆದುದರಿಂದ ಪರೀಕ್ಷಕನು ಮೊದಲು ವಹಿವಾಟನ್ನು ತೆರೆದು, ಯೋಜನೆಯನ್ನು ಓದಿಕೊಂಡು, ಕೊನೆಗೆ ‘ರೋಲ್‌ಬ್ಯಾಕ್’ ಮಾಡತಕ್ಕದ್ದು.