ಬಿಡಿ ಹಾಡಿನ ಲೆಕ್ಕ: ತೊಂಬತ್ತರ ದಶಕದ ಬ್ರಿಟನ್ ಪಟ್ಟಿಯೂ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯೂ

ತೊಂಬತ್ತರ ದಶಕದ ಬ್ರಿಟನ್ನಿನಲ್ಲಿ ಭಾನುವಾರ ಸಂಜೆಯೆಂದರೆ ಪಟ್ಟಿ ಓದುವ ಹೊತ್ತು. ಆ ವಾರ ಅಂಗಡಿಗಳಲ್ಲಿ ಅತಿ ಹೆಚ್ಚು ಮಾರಾಟವಾದ ನಲವತ್ತು ಹಾಡುಗಳನ್ನು ಬಿಬಿಸಿಯ ರೇಡಿಯೊ ಒನ್ ವಾಹಿನಿ ಕೊನೆಯ ಸ್ಥಾನದಿಂದ ಮೊದಲ ಸ್ಥಾನದವರೆಗೆ ಕೇಳಿಸುತ್ತಿತ್ತು. ಅದೇ ವರ್ಷಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಹಾಡಿಗೇನೂ ಬರವಿರಲಿಲ್ಲ, ಬರವಿದ್ದದ್ದು ಮಳೆಗೆ. ಹೋಟೆಲಿನ ಟೇಪ್ ರೆಕಾರ್ಡರು, ಖಾಸಗಿ ಬಸ್ಸಿನ ಸ್ಪೀಕರು, ಮಗ್ಗದ ಮನೆಯ ರೇಡಿಯೊ, ಜಾತ್ರೆಯ ಮೈಕು ಎಲ್ಲವೂ ಹಾಡುತ್ತಿದ್ದವು. ಇಲ್ಲದ್ದು ಪಟ್ಟಿ ಒಂದೇ. ಕನ್ನಡ ಚಿತ್ರಗೀತೆಗಳಿಗೆ ಮಾರಾಟದ ಲೆಕ್ಕದ ಮೇಲೆ ನಿಂತ ಅಧಿಕೃತ ವಾರದ ಪಟ್ಟಿ ಆ ದಶಕದಲ್ಲಿ ಹುಟ್ಟಲೇ ಇಲ್ಲ. ಜನರಿಗೆ ಎಣಿಸುವ ಆಸಕ್ತಿ ಇರಲಿಲ್ಲ, ಉದ್ಯಮ ಹಿಂದುಳಿದಿತ್ತು ಎಂದು ಇದನ್ನು ವಿವರಿಸಿಬಿಡುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ವಾರದ ಪಟ್ಟಿ ಹುಟ್ಟಬೇಕಾದರೆ ಹಾಡು ಬಿಡಿಯಾಗಿ ಮಾರಾಟವಾಗಬೇಕು, ಕೊಳ್ಳುವವರ ಕೈಗೆ ವಾರವಾರ ಕಾಸು ಬರಬೇಕು, ಅಂಗಡಿಯವನು ಮಾರಿದ್ದನ್ನು ಯಾರಿಗಾದರೂ ವರದಿ ಮಾಡಬೇಕು. ಈ ಸೀಮೆಯಲ್ಲಿ ಮೂರೂ ಇರಲಿಲ್ಲ. ಹಾಗಾಗಿ ಇಲ್ಲಿ ಬಿಡಿ ಹಾಡಿನ ಮೆಚ್ಚುಗೆ ಬೇರೆ ಕಡೆ, ಬೇರೆ ರೂಪದಲ್ಲಿ ದಾಖಲಾಯಿತು.

ಮೊದಲು ಬ್ರಿಟನ್ ಪಟ್ಟಿಯ ಹುಟ್ಟನ್ನು ನೋಡೋಣ. 1952ರ ನವೆಂಬರ್ 14ರಂದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆ ಅಲ್ಲಿನ ಮೊದಲ ಮಾರಾಟ ಪಟ್ಟಿಯನ್ನು ಅಚ್ಚು ಹಾಕಿತು. ಪರ್ಸಿ ಡಿಕಿನ್ಸ್ ಎಂಬಾತ ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನು ಮಾಡಿ, ಯಾವ ರೆಕಾರ್ಡು ಹೆಚ್ಚು ಹೋಗುತ್ತಿದೆ ಎಂದು ಕೇಳಿ ಬರೆದುಕೊಂಡದ್ದೇ ಅದರ ಆಧಾರ. ಹನ್ನೆರಡು ಸ್ಥಾನಗಳ ಆ ಪಟ್ಟಿಯಲ್ಲಿ ಸಮಬಲದಿಂದಾಗಿ ಹದಿನೈದು ಹಾಡುಗಳಿದ್ದವು. ಮೊದಲ ಸ್ಥಾನ ಅಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕನದು. 1969ರಿಂದ ಒಂದು ಸಮೀಕ್ಷಾ ಸಂಸ್ಥೆ ಆಯ್ದ ಅಂಗಡಿಗಳ ದಿನಚರಿ ಪುಸ್ತಕ ತರಿಸಿ ಎಣಿಸತೊಡಗಿತು. 1983ರಲ್ಲಿ ಗ್ಯಾಲಪ್ ಸಂಸ್ಥೆ ವಹಿಸಿಕೊಂಡ ಮೇಲೆ ಯಂತ್ರಗಳು ಬಂದವು, 1994ರಲ್ಲಿ ಹೊಣೆ ಮಿಲ್‌ವರ್ಡ್ ಬ್ರೌನ್ ಸಂಸ್ಥೆಯ ಕೈಗೆ ಹೋಯಿತು. ಫೋನಿನಲ್ಲಿ ಕೇಳಿದ ಬಾಯಿಮಾತಿನಿಂದ ಬಾರ್‌ಕೋಡ್‌ವರೆಗಿನ ಈ ಹಾದಿಯಲ್ಲಿ ಪಟ್ಟಿಯಲ್ಲಿ ಮೇಲೇರಲು ಕಂಪನಿಗಳು ಅಂಗಡಿಗಳಿಂದ ತಮ್ಮ ರೆಕಾರ್ಡು ತಾವೇ ಕೊಳ್ಳುವ ಚಾಳಿಯೂ ಬೆಳೆಯಿತು. ಎಣಿಕೆ ಇದ್ದಲ್ಲಿ ಎಣಿಕೆಗೆ ತಕ್ಕ ವಂಚನೆಯೂ ಇರುತ್ತದೆ, ಮತದಾನ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಪಟ್ಟಿ ಹುಟ್ಟಿ ಮೂರು ವಾರ ತುಂಬುವ ಮೊದಲೇ, 1952ರ ಡಿಸೆಂಬರ್ 3ರ ಬುಧವಾರ, ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಆಗಿನ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ. ಆಕಾಶವಾಣಿ ಬಾಗಿಲು ಮುಚ್ಚಿಕೊಂಡಾಗ ಕೇಳುಗರು ಕೊಲಂಬೊ ಕಡೆಗೆ ಮುಳ್ಳು ತಿರುಗಿಸಿದರು. ಗೀತಮಾಲಾದಲ್ಲಿ ಹಾಡುಗಳಿಗೆ ಮೆಟ್ಟಿಲು ಬಂದದ್ದು 1954ರಿಂದ. ಅದರ ಲೆಕ್ಕದಲ್ಲಿ ರೆಕಾರ್ಡು ಅಂಗಡಿಗಳ ಮಾರಾಟವೂ ಶ್ರೋತೃ ಸಂಘಗಳ ಕಾಗದಗಳೂ ಸೇರುತ್ತಿದ್ದವು. ಅಂದರೆ ಭಾರತದ ಮೊದಲ ಪಟ್ಟಿಯೇ ಕೊಂಡವರನ್ನೂ ಕೊಳ್ಳಲಾಗದೆ ಬರೆದವರನ್ನೂ ಒಟ್ಟಿಗೆ ಎಣಿಸಿತು. ಬ್ರಿಟನ್ನಿನವರು ದುಡ್ಡು ಕೊಟ್ಟವರನ್ನು ಮಾತ್ರ ಎಣಿಸಿದರು. ಮುಂದಿನ ಕತೆಯೆಲ್ಲ ಈ ವ್ಯತ್ಯಾಸದಲ್ಲಿದೆ. ಕೇಸ್ಕರ್ ಕಾಲದಲ್ಲೇ, 1957ರ ಅಕ್ಟೋಬರಿನಲ್ಲಿ, ವಿವಿಧ ಭಾರತಿ ಬಂದು ಚಿತ್ರಗೀತೆ ಮತ್ತೆ ಸರ್ಕಾರಿ ರೇಡಿಯೊಗೆ ಮರಳಿತು.

ಈಗ ಚಳ್ಳಕೆರೆಗೆ ಬರೋಣ. ಶೇಂಗಾ, ಎಣ್ಣೆ ಗಿರಣಿ, ಕುರಿ, ಕಂಬಳಿ ಈ ತಾಲ್ಲೂಕಿನ ಬದುಕು. ಮೊಳಕಾಲ್ಮೂರಿನದು ರೇಷ್ಮೆ ಸೀರೆಯ ಕೈಮಗ್ಗ. ಶೇಂಗಾ ಬೆಳೆದವನ ಕೈಗೆ ದುಡ್ಡು ಬರುವುದು ಕಿತ್ತು, ಒಣಗಿಸಿ, ಮಂಡಿಗೆ ಹಾಕಿದ ಮೇಲೆ, ಅದೂ ಮಳೆ ಕೈಕೊಡದ ವರ್ಷ. ನೇಕಾರನಿಗೆ ಕೂಲಿ ಸಿಗುವುದು ಸೀರೆ ಮುಗಿದಾಗ. ವಾರಕ್ಕೊಮ್ಮೆ ಬಟವಾಡೆ ಕಂಡವರು ಗಿರಣಿಯ ಕೂಲಿಗಳಂಥ ಕೆಲವರು, ಆ ಬಟವಾಡೆ ಸಂತೆಯಲ್ಲೇ ಕರಗುತ್ತಿತ್ತು. ಬ್ರಿಟನ್ನಿನ ಹುಡುಗ ಹುಡುಗಿಯರು ಶನಿವಾರ ಅಂಗಡಿಗೆ ಹೋಗಿ ಒಂದು ಹಾಡಿನ ಡಿಸ್ಕನ್ನೋ ಕ್ಯಾಸೆಟ್ಟನ್ನೋ ಕೊಂಡು ತರುತ್ತಿದ್ದರು. ಅಲ್ಲಿ ವಾರದ ಸಂಬಳ, ವಾರದ ಕೈಖರ್ಚು ಹಳೆಯ ರೂಢಿ. ಪಟ್ಟಿಯ ವಾರ ಆಕಾಶದಿಂದ ಇಳಿದದ್ದಲ್ಲ, ಸಂಬಳದ ಲಕೋಟೆಯಿಂದ ಬಂದದ್ದು. ನಮ್ಮ ಸೀಮೆಯಲ್ಲಿ ಹಾಡಿನ ಕಾಲಮಾನ ಸುಗ್ಗಿಯದು, ಜಾತ್ರೆಯದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಿಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಯಾವ ಕ್ಯಾಸೆಟ್ಟು ಜೋರಾಗಿ ಕೂಗಿತೋ ಅದೇ ಆ ವರ್ಷದ ಹಾಡು.

ಸಿನಿಮಾದವರಿಗೆ ಮಾತ್ರ ವಾರದ ಲೆಕ್ಕ ಗೊತ್ತಿತ್ತು. ಇಪ್ಪತ್ತೈದನೇ ವಾರ, ನೂರನೇ ದಿನ ಎಂದು ಪೋಸ್ಟರಿನ ಮೇಲೆ ಅಂಟಿಸುವ ಪದ್ಧತಿ ಕನ್ನಡದ್ದೇ ಆದ ಒಂದು ಜನಪ್ರಿಯತೆಯ ಪಟ್ಟಿ. ಆದರೆ ಆ ಲೆಕ್ಕ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳದ್ದು. ಪ್ರಿಂಟುಗಳು ಕಡಿಮೆ, ಹೀಗಾಗಿ ಚಿತ್ರ ಮೊದಲು ದೊಡ್ಡ ಊರುಗಳಲ್ಲಿ ಓಡಿ, ಗೀರು ಬಿದ್ದ ಮೇಲೆ ತಾಲ್ಲೂಕಿಗೆ, ಆಮೇಲೆ ಹಳ್ಳಿಯ ಟೆಂಟಿಗೆ ಬರಬೇಕು. ಕ್ಯಾಸೆಟ್ಟು ಇದಕ್ಕೆಲ್ಲ ಕಾಯುತ್ತಿರಲಿಲ್ಲ, ಚಿತ್ರಕ್ಕಿಂತ ಮುಂಚೆಯೇ ಬಂದುಬಿಡುತ್ತಿತ್ತು. ಹೀಗಾಗಿ ಚಳ್ಳಕೆರೆಯಲ್ಲಿ ಒಂದು ಹಾಡಿಗೆ ಎರಡು ಹುಟ್ಟು: ಕ್ಯಾಸೆಟ್ಟು ಬಂದಾಗ ಒಂದು, ತಿಂಗಳುಗಳ ಬಳಿಕ ಚಿತ್ರ ಬಂದಾಗ ಇನ್ನೊಂದು. ನಾಗಾಭರಣರ ‘ಜನುಮದ ಜೋಡಿ’ (1996) ಇದಕ್ಕೆ ಒಳ್ಳೆಯ ನಿದರ್ಶನ. ವಿ. ಮನೋಹರ್ ಸಂಗೀತದ, ಜನಪದ ಮಟ್ಟಿನ ಛಾಯೆಯುಳ್ಳ ಆ ಹಾಡುಗಳು ಊರಿಗೆ ಚಿತ್ರ ಬರುವ ಮುಂಚೆಯೇ ಜನರ ಬಾಯಲ್ಲಿದ್ದವು, ಚಿತ್ರ ಹೋದ ಮೇಲೂ ಉಳಿದವು.

ಬ್ರಿಟನ್ನಿನಲ್ಲಿ ಆಗುತ್ತಿದ್ದದ್ದು ಇದರ ತಿರುವುಮುರುವು. ದಶಕದ ಆರಂಭದಲ್ಲಿ ಅಲ್ಲಿಯೂ ಹಾಡು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತಿತ್ತು. 1991ರಲ್ಲಿ ಬ್ರಯನ್ ಆಡಮ್ಸ್‌ನ ಸಿನಿಮಾ ಹಾಡೊಂದು ಸತತ ಹದಿನಾರು ವಾರ ಮೊದಲ ಸ್ಥಾನ ಬಿಡಲಿಲ್ಲ, 1994ರಲ್ಲಿ ವೆಟ್ ವೆಟ್ ವೆಟ್ ತಂಡದ ಇನ್ನೊಂದು ಸಿನಿಮಾ ಹಾಡು ಹದಿನೈದು ವಾರ ಕೂತಿತು. ಆಮೇಲೆ ರೆಕಾರ್ಡು ಕಂಪನಿಗಳು ಆಟ ಬದಲಿಸಿದವು. ಬಿಡುಗಡೆಗೆ ವಾರಗಳ ಮುಂಚೆಯೇ ಹಾಡನ್ನು ರೇಡಿಯೊಗಳಲ್ಲಿ ಕೇಳಿಸಿ ಹಸಿವು ಹುಟ್ಟಿಸಿ, ಮೊದಲ ವಾರ ಬೆಲೆ ಇಳಿಸಿ ಒಮ್ಮೆಗೇ ಮಾರುವ ತಂತ್ರ ಅದು. 1995ರ ಆಗಸ್ಟಿನಲ್ಲಿ ಬ್ಲರ್ ಮತ್ತು ಓಯಸಿಸ್ ತಂಡಗಳು ಒಂದೇ ವಾರ ಎದುರಾಬದುರಾಗಿ ಹಾಡು ಬಿಟ್ಟಾಗ ಬ್ಲರ್ 2,74,000 ಪ್ರತಿ, ಓಯಸಿಸ್ 2,16,000 ಪ್ರತಿ ಮಾರಿ, ಸುದ್ದಿವಾಹಿನಿಗಳು ಚುನಾವಣೆಯ ಫಲಿತಾಂಶದಂತೆ ಅದನ್ನು ಬಿತ್ತರಿಸಿದವು. 1992ರಲ್ಲಿ ಹನ್ನೆರಡರ ಆಸುಪಾಸಿನಲ್ಲಿದ್ದ ವರ್ಷದ ನಂಬರ್ ಒನ್ ಹಾಡುಗಳ ಸಂಖ್ಯೆ 2000ದಲ್ಲಿ ನಲವತ್ತನ್ನು ದಾಟಿತು. ಜನರ ರುಚಿ ಎಂಟು ವರ್ಷದಲ್ಲಿ ಮೂರು ಪಟ್ಟು ಚಂಚಲವಾಯಿತೆಂದು ನಂಬಬೇಕಿಲ್ಲ. ಬದಲಾದದ್ದು ಮಾರುವ ರೀತಿ.

ಈ ಪಟ್ಟಿಗೆ ನಮ್ಮ ಕಡೆಯ ನೆಂಟಸ್ತಿಕೆಯೂ ಇದೆ. ರೂರ್ಕೆಲಾದಲ್ಲಿ ಹುಟ್ಟಿದ ಜ್ಯೋತಿ ಮಿಶ್ರಾ ‘ವೈಟ್ ಟೌನ್’ ಹೆಸರಿನಲ್ಲಿ, ಡರ್ಬಿಯ ತನ್ನ ಮನೆಯ ಕೋಣೆಯಲ್ಲೇ ಮುದ್ರಿಸಿದ ಹಾಡು 1997ರ ಜನವರಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಫೆಬ್ರುವರಿಯಲ್ಲಿ ಟ್ಜಿಂದರ್ ಸಿಂಗ್‌ನ ಕಾರ್ನರ್‌ಶಾಪ್ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ ಅದೇ ಸ್ಥಾನ ಹಿಡಿಯಿತು. ಆ ಹಾಡಿನ ಆಶಾ ನಮ್ಮ ಆಶಾ ಭೋಂಸ್ಲೆ; ವಸ್ತು ಹಿನ್ನೆಲೆ ಗಾಯನ ಮತ್ತು 45 ಸುತ್ತಿನ ರೆಕಾರ್ಡು. ಮೊದಲ ಸಲ ಬಿಟ್ಟಾಗ ಅರವತ್ತನೆಯ ಸ್ಥಾನದಲ್ಲಿ ಮಲಗಿದ್ದ ಹಾಡಿಗೆ ನಾರ್ಮನ್ ಕುಕ್ ತಾಳ ಬದಲಿಸಿ ಜೀವ ಕೊಟ್ಟ. ಬಿಡಿ ಹಾಡಿನ ರೆಕಾರ್ಡನ್ನು ಕೊಂಡಾಡುವ ಹಾಡೊಂದು ಬಿಡಿ ಹಾಡುಗಳ ಪಟ್ಟಿಯ ತುದಿಯಲ್ಲಿದ್ದಾಗ, ಆ ಹಾಡಿನ ನಾಯಕಿಯ ದೇಶದಲ್ಲಿ ಬಿಡಿ ಹಾಡು ಕೊಳ್ಳಲು ಸಿಗುತ್ತಲೇ ಇರಲಿಲ್ಲ.

ಏಕೆಂದರೆ ಕನ್ನಡದ ಕ್ಯಾಸೆಟ್ಟು ಇಡೀ ಚಿತ್ರದ್ದು. ಐದಾರು ಹಾಡು ಒಟ್ಟಿಗೆ, ಎಷ್ಟೋ ಸಲ ಒಂದು ಮಗ್ಗುಲಲ್ಲಿ ಒಂದು ಚಿತ್ರ, ಇನ್ನೊಂದು ಮಗ್ಗುಲಲ್ಲಿ ಮತ್ತೊಂದು. ‘ಪ್ರೇಮಲೋಕ’ (1987) ಲಹರಿ ಸಂಸ್ಥೆಯ ಮೂಲಕ ಮನೆಮನೆಗೆ ಹೋದ ಮೇಲೆ ಹಂಸಲೇಖ ಯುಗವೇ ಆರಂಭವಾಯಿತು. ಆದರೆ ಕೊಂಡವನು ಅದರ ಯಾವ ಹಾಡಿಗಾಗಿ ಕೊಂಡನೆಂದು ಮಾರಾಟದ ಅಂಕಿ ಹೇಳದು. ಭಾವಗೀತೆಗಳಲ್ಲೂ ಇದೇ ಕತೆ: 1978ರ ‘ನಿತ್ಯೋತ್ಸವ’ದಿಂದ ಮುಂದೆ ಧ್ವನಿಸುರುಳಿಯೆಂದರೆ ಒಂದು ಗುಚ್ಛ. ಪೀಟರ್ ಮ್ಯಾನುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ, ಅಗ್ಗದ ಕ್ಯಾಸೆಟ್ಟು ದೊಡ್ಡ ಕಂಪನಿಯ ಏಕಸ್ವಾಮ್ಯ ಮುರಿದು ಪ್ರಾದೇಶಿಕ ಸಂಗೀತಕ್ಕೆ ದಾರಿ ಮಾಡಿತೆಂದು ವಿವರವಾಗಿ ತೋರಿಸಿದ್ದಾರೆ. ಅವರ ಮಾತು ನಿಜ. ಅದಕ್ಕೆ ಒಂದು ಸೇರಿಸಬೇಕು: ಅದೇ ಕ್ಯಾಸೆಟ್ಟು ಎಣಿಕೆಯನ್ನೂ ಮುರಿಯಿತು. ಒಂದು ಅಸಲಿ ಕ್ಯಾಸೆಟ್ಟಿನಿಂದ ಎಷ್ಟು ನಕಲು ಹೊರಟವೆಂದು ಲೆಕ್ಕ ಇಡುವವರು ಯಾರು?

ಬಿಡಿ ಹಾಡಿನ ಆಯ್ಕೆ ಸ್ಪಷ್ಟವಾಗಿ ಕಾಣುವುದು ಮೂರು ಕಡೆ. ಮೊದಲನೆಯದು ರೇಡಿಯೊದ ಕೋರಿಕೆ. 1965ರಲ್ಲಿ ಶುರುವಾದ ಭದ್ರಾವತಿ ನಿಲಯ, ಬೆಂಗಳೂರಿನ ವಿವಿಧ ಭಾರತಿ, ತೊಂಬತ್ತರ ದಶಕದಲ್ಲಿ ಚಿತ್ರದುರ್ಗದಲ್ಲೇ ಬಂದ ಎಫ್.ಎಂ. ಕೇಂದ್ರ ಈ ಸೀಮೆಯ ಕೇಳುಗರ ವಿಳಾಸಗಳು. ದಶಕದ ಬಹುಭಾಗ ಹದಿನೈದು ಪೈಸೆಯ ಕಾರ್ಡಿನಲ್ಲಿ ಮತ ಹಾಕಬಹುದಿತ್ತು. ಆದರೆ ಅದು ಹಾಡಿಗೆ ಬಿದ್ದ ಮತವೇ? ಕೋರಿಕೆ ಕಾರ್ಯಕ್ರಮ ಕೇಳಿದ ಯಾರಿಗೂ ನೆನಪಿರುವುದು ಹಾಡಿಗಿಂತ ಮುಂಚೆ ಬರುವ ಹೆಸರುಗಳ ಸರಮಾಲೆ: ಗಂಡ ಹೆಂಡತಿ ಮಕ್ಕಳು, ಗೆಳೆಯರ ಬಳಗ, ಊರು, ಅಂಚೆ, ತಾಲ್ಲೂಕು. ಹಳ್ಳಿಯ ಹೆಸರು ಆಕಾಶದಿಂದ ಕೇಳಬೇಕೆಂಬ ಆಸೆಗೆ ಹಾಡು ಒಂದು ನೆಪ. ಆದ್ದರಿಂದಲೇ ಜಾಣ ಕೇಳುಗ ತನಗೆ ಪ್ರಿಯವಾದ ಅಪರೂಪದ ಹಾಡನ್ನು ಬಿಟ್ಟು, ಹಾಕೇ ಹಾಕುತ್ತಾರೆಂದು ಖಾತ್ರಿಯಿರುವ ಹಾಡನ್ನು ಕೋರುತ್ತಿದ್ದ. ಹಿಟ್ ಹಾಡು ಇನ್ನಷ್ಟು ಹಿಟ್ ಆಯಿತು. ಅಗ್ಗದ ಕಾರ್ಡಿನ ಈ ಮತದಾನ ದೇಶದ ಮಟ್ಟದಲ್ಲಿ ಎಷ್ಟು ಬೆಳೆಯಿತೆಂದರೆ, ದೂರದರ್ಶನದ ‘ಸುರಭಿ’ ಕಾರ್ಯಕ್ರಮದ ಸ್ಪರ್ಧೆಗೆ ಒಂದೇ ವಾರದಲ್ಲಿ ಹತ್ತು ಲಕ್ಷ ಮೀರಿ ಕಾಗದ ಬಂದವು; ಅಂಚೆ ಇಲಾಖೆ ಸ್ಪರ್ಧೆಗೆಂದೇ ಹೆಚ್ಚಿನ ಬೆಲೆಯ ಕಾರ್ಡು ಹೊರಡಿಸಬೇಕಾಯಿತು.

ಎರಡನೆಯದು ರಸಮಂಜರಿ. ಗಣೇಶನ ಪೆಂಡಾಲು, ಜಾತ್ರೆ, ರಾಜ್ಯೋತ್ಸವದ ವೇದಿಕೆಗೆ ಚೀಟಿ ಹೋಗುತ್ತಿತ್ತು, ಕೆಲವೊಮ್ಮೆ ಚೀಟಿಯ ಜೊತೆ ಹತ್ತರ ನೋಟು. ಕಂಪನಿ ನಾಟಕದ ಕಾಲದಿಂದ ಬಂದ ‘ಒನ್ಸ್ ಮೋರ್’ ಕೂಗಿನ ಮುಂದುವರಿಕೆ ಇದು. ಎಣಿಕೆಯಾಗಿ ನೋಡಿದರೆ ಇದು ಗಂಡಸರ, ಅದರಲ್ಲೂ ಗಂಟಲು ದೊಡ್ಡದಿದ್ದವರ ಪಟ್ಟಿ. ಹೆಂಗಸರ ಮೆಚ್ಚುಗೆ ಇಲ್ಲಿ ದಾಖಲಾಗುವುದೇ ಇಲ್ಲ.

ಮೂರನೆಯದಕ್ಕೆ ಹೋಗುವ ಮುನ್ನ ಒಂದು ಮಾತು: ಮೊಳಕಾಲ್ಮೂರಿನಲ್ಲಿ ಇನ್ನೊಂದು ತೊಡಕಿದೆ. ಜಿಲ್ಲೆಯ ಈಶಾನ್ಯ ಮೂಲೆಯ ಈ ತಾಲ್ಲೂಕಿಗೆ ಆಚೆ ಅನಂತಪುರ ಜಿಲ್ಲೆಯ ರಾಯದುರ್ಗ ಕೂಗಳತೆಯಲ್ಲಿದೆ. ಮ್ಯಾಸಬೇಡರೂ ಸೇರಿ ಇಲ್ಲಿನ ಹಲವರ ಮನೆಮಾತು ತೆಲುಗು. ಚಿರಂಜೀವಿಯ ‘ಘರಾನಾ ಮೊಗುಡು’ (1992) ರಾಜಕುಮಾರರ ‘ಅನುರಾಗ ಅರಳಿತು’ (1986) ಚಿತ್ರದ ರೀಮೇಕು. ಕತೆ ಇಲ್ಲಿಂದ ಹೋಯಿತು, ಹಾಡು ಅಲ್ಲಿಂದ ಬಂತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಗೆ ಗಡಿ ಗೊತ್ತಿರಲಿಲ್ಲ. ಬ್ರಿಟನ್ನಿನ ಪಟ್ಟಿ ದೇಶದ್ದು, ಯಾವ ಭಾಷೆಯ ಹಾಡಾದರೂ ಮಾರಾಟವಾದರೆ ಸೇರುತ್ತಿತ್ತು. ನಮ್ಮ ಪತ್ರಿಕೆ, ಟಿ.ವಿ.ಗಳ ‘ಟಾಪ್ ಟೆನ್’ಗಳು ಭಾಷೆಯವು, ಕನ್ನಡದ್ದೊಂದು, ತೆಲುಗಿನದೊಂದು, ಡಿಡಿ ಮೆಟ್ರೊದ ‘ಸೂಪರ್‌ಹಿಟ್ ಮುಖಾಬಲಾ’ದಂತೆ ಹಿಂದಿಯದೊಂದು. ಮೂರನ್ನೂ ಒಂದೇ ಸಂಜೆ ಕೇಳುವ ಮಗ್ಗದ ಮನೆ ಈ ಯಾವ ಪಟ್ಟಿಯಲ್ಲೂ ಪೂರ್ತಿಯಾಗಿ ಇರಲಿಲ್ಲ.

ಪಟ್ಟಿಗೆ ಒಗ್ಗದ ಹಾಡಿನ ಲೋಕವೊಂದು ಇದೇ ತಾಲ್ಲೂಕಿನಲ್ಲಿತ್ತು ಎಂಬುದನ್ನೂ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡು ಬಲ್ಲವರು. ಕೃಷ್ಣಮೂರ್ತಿ ಹನೂರರು ಅವರಿಂದ ಕೇಳಿ ಸಂಗ್ರಹಿಸಿದರು. ಅಲ್ಲಿ ಯಾವ ಹಾಡು ಹೇಳಬೇಕೆಂದು ತೀರ್ಮಾನಿಸುವುದು ಹೊತ್ತು ಮತ್ತು ಆಚರಣೆ. ಸೋಬಾನೆ ಜನಪ್ರಿಯವೆಂದು ಯಾರೂ ಅದನ್ನು ಬಿತ್ತನೆಯ ದಿನ ಹಾಡುವುದಿಲ್ಲ. ಮೆಚ್ಚುಗೆಯನ್ನು ಏಣಿಯ ಮೇಲಿಡುವ ಪ್ರಶ್ನೆಯೇ ಆ ಹಟ್ಟಿಯಲ್ಲಿ ಹುಟ್ಟುವುದಿಲ್ಲ.

ಮೂರನೆಯ ಜಾಗ, ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಲರ್ಹವಾದದ್ದು, ತುಂಬಿಸಿದ ಕ್ಯಾಸೆಟ್ಟು. ಖಾಲಿ ಕ್ಯಾಸೆಟ್ಟು ಕೊಟ್ಟು, ನೋಟುಬುಕ್ಕಿನ ಹಾಳೆಯಲ್ಲಿ ಬೇಕಾದ ಹಾಡು ಬರೆದುಕೊಟ್ಟರೆ ಅಂಗಡಿಯವನು ನಾಲ್ಕು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದ. ಕಾನೂನಿನ ಕಣ್ಣಿಗೆ ಇದು ಕಳವು, 1994ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರವಂತೂ ಅನುಮಾನವೇ ಇಲ್ಲ. ಸಂಶೋಧಕನ ಕಣ್ಣಿಗೆ ಮಾತ್ರ ಇದು ಕೈಕಾಸು ಖರ್ಚು ಮಾಡಿ ಬಿಡಿ ಹಾಡು ಆರಿಸಿದ ಏಕೈಕ ಲಿಖಿತ ದಾಖಲೆ. ಇಲ್ಲಿ ಹೆಸರು ಕೇಳಿಸಿಕೊಳ್ಳುವ ಆಸೆಯಿಲ್ಲ, ಗಂಟಲಿನ ಜೋರಿಲ್ಲ, ಭಾಷೆಯ ಗೋಡೆಯಿಲ್ಲ. ರಾಜಕುಮಾರರ ಭಕ್ತಿಗೀತೆಯ ಪಕ್ಕದಲ್ಲೇ ಇಳಯರಾಜಾ, ಅದರ ಪಕ್ಕದಲ್ಲಿ ನದೀಮ್–ಶ್ರವಣ್. ಹೆಂಗಸರ ಆಯ್ಕೆ ಸಿಗುವುದೂ ಇಲ್ಲೇ, ಚೀಟಿ ಕೊಡಲು ಹೋದವನು ತಮ್ಮನಾದರೂ ಬರೆದವಳು ಅಕ್ಕ ಆಗಿರುತ್ತಿದ್ದಳು.

ಈ ಕ್ಯಾಸೆಟ್ಟುಗಳ ಡಬ್ಬಿಯೊಳಗಿನ ಕಾಗದದ ಮೇಲೆ ಎ ಸೈಡ್, ಬಿ ಸೈಡ್ ಎಂದು ಹಾಡುಗಳ ಸಾಲು ಬರೆದಿರುತ್ತದೆ. ಸಂಗ್ರಹಿಸಿ ತಾಳೆ ನೋಡಿದರೆ ಎರಡೂ ತಾಲ್ಲೂಕುಗಳ ರುಚಿಯ ಇತಿಹಾಸವನ್ನು ಅದರಿಂದ ಕಟ್ಟಬಹುದು. ಓದುವಾಗ ಒಂದು ಎಚ್ಚರ ಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತೇ ನಿಮಿಷ. ಎ ಸೈಡಿನ ಮೊದಲ ಹಾಡು ಗಿರಾಕಿಯ ಚೀಟಿಯಲ್ಲಿ ಮೊದಲು ಬರೆದದ್ದಾಗಿರುವ ಸಂಭವ ಹೆಚ್ಚು, ಅದನ್ನು ಆ ಮನೆಯ ಮೊದಲ ಸ್ಥಾನವೆಂದು ಹಿಡಿಯಬಹುದು. ಮಗ್ಗುಲಿನ ಕೊನೆಯ ಹಾಡನ್ನು ಹಾಗೆ ನಂಬುವಂತಿಲ್ಲ: ಟೇಪು ಮೂರು ನಿಮಿಷ ಉಳಿದಾಗ ಮೂರು ನಿಮಿಷದ ಹಾಡು ಯಾವುದಿದೆಯೆಂದು ಹುಡುಕಿ ತುಂಬಿದವನು ಅಂಗಡಿಯವನು.