ಮುಂಬಯಿಯ ಚಾಳುಗಳೂ ಎರಡು ಪಿಡುಗುಗಳೂ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗರಲ್ಲಿ ಚಾಳಿನ ಬಾಳುವೆಯನ್ನು ಕಾಣದವರು ವಿರಳ. ಉದ್ದನೆಯ ಪಡಸಾಲೆ, ಅದರ ಬದಿಗೆ ಸಾಲು ಖೋಲಿಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ, ಪಾಯಖಾನೆ. ಅಂಟುರೋಗಕ್ಕೆ ಇದಕ್ಕಿಂತ ಅನುಕೂಲದ ಸ್ಥಳ ಬೇರೆ ಬೇಕೆ? ಆದರೆ ರೋಗಿಯ ಬಾಗಿಲಿಗೆ ಗಂಜಿ ಬರುವುದೂ ಅದೇ ಪಡಸಾಲೆಯಿಂದಲೇ. ಇದನ್ನು ಸರಕಾರದ ವರದಿಗಳಲ್ಲಿ ಹುಡುಕಿದರೆ ಸಿಕ್ಕುವುದು ಕಷ್ಟ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಡಾ. ವಿಯೇಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ತಪಾಸಣೆಯ ತಂಡದವರು ಮನೆಮನೆ ಹೊಕ್ಕು ರೋಗಿಗಳನ್ನು ಒಯ್ದರು. ಬೆಳಕು ಬೀಳಲೆಂದು ಹೆಂಚು ತೆಗೆಸಿದರು, ಸುಣ್ಣ ಬಳಿಸಿದರು, ಹಾಸಿಗೆ ಬಟ್ಟೆ ಸುಟ್ಟರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂಬುದು ಆಗ ಅವರಿಗೂ ತಿಳಿಯದು. ಜನರಿಗಂತೂ ಪ್ಲೇಗಿಗಿಂತ ಆಸ್ಪತ್ರೆಯ ಅಂಜಿಕೆಯೇ ಹೆಚ್ಚು. 1896ರ ಅಕ್ಟೋಬರಿನಲ್ಲಿ ಗಿರಣಿಯ ಕೂಲಿಕಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆಯೇ ಏರಿಹೋದರು. ಅಂದು ನೆರೆಯವರು ಮಾಡಬಲ್ಲ ದೊಡ್ಡ ಉಪಕಾರವೆಂದರೆ ರೋಗಿಯನ್ನು ಬಚ್ಚಿಡುವುದು! ಅದರಿಂದ ರೋಗ ಹಬ್ಬಿರಬಹುದು. ಆದರೂ ಅವರನ್ನು ಹಳಿಯಲು ನಮಗೆ ಮನಸ್ಸಾಗದು. ಆಯಾ ಜಾತಿಯವರು ತಮ್ಮದೇ ಆಸ್ಪತ್ರೆ ತೆರೆಯಲು ಸರಕಾರ ಒಪ್ಪಿದ ಮೇಲೆ ಈ ಅಂಜಿಕೆ ಕೊಂಚ ಇಳಿಯಿತು. ಊರಿನಲ್ಲಿ ತನ್ನವರೆಂಬವರು ಇಲ್ಲದವನು ಗಂಟು ಕಟ್ಟಿ ಹಳ್ಳಿಯ ದಾರಿ ಹಿಡಿದ. ಹೀಗೆ ಊರು ಬಿಟ್ಟವರು ಲಕ್ಷಗಟ್ಟಲೆ.

1898ರಲ್ಲಿ ನಗರ ಸುಧಾರಣೆಯ ಟ್ರಸ್ಟು ಹುಟ್ಟಿತು. 1920ರ ದಶಕದಲ್ಲಿ ಬಿಡಿಡಿ ಚಾಳುಗಳು ಎದ್ದವು. ಒಟ್ಟು 207 ಕಟ್ಟಡಗಳು, ಒಂದೊಂದು ಖೋಲಿ 160 ಚದರ ಅಡಿ. ಪಾಯಖಾನೆ ಮಾತ್ರ ಅಲ್ಲಿಯೂ ಹತ್ತು ಮನೆಯವರಿಗೆ ಸೇರಿದ್ದೇ.

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಸರಕಾರ ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು. ಮುಂಬಯಿಯ ಮೊದಮೊದಲ ರೋಗಿಗಳು ಹೋದದ್ದೂ ಆರ್ಥರ್ ರಸ್ತೆಯ ಅದೇ ಆಸ್ಪತ್ರೆಗೆ. ಹೆಸರು ಮಾತ್ರ ಈಗ ಕಸ್ತೂರಬಾ.

ನಾವು ಬ್ಯಾಂಕಿನ ಗುಮಾಸ್ತರು, ಬ್ಯಾಂಕು ಮುಚ್ಚುವಂತಿರಲಿಲ್ಲ. ದಿನವೂ ಹೊರಗೆ ಹೋಗಿ ಬರುವ ನಮ್ಮನ್ನು ಕಂಡು ಚಾಳಿನವರು ಬಾಗಿಲು ಮರೆಮಾಡಿಕೊಳ್ಳುತ್ತಿದ್ದರು. ಕೆಳಗಿನ ನಲ್ಲಿಯಲ್ಲೇ ಸ್ನಾನ ಮಾಡಿ ಮೇಲೆ ಬನ್ನಿರೆಂದು ಒಬ್ಬರು ಹೇಳಿದಾಗ ನಮಗೆ ಸಿಟ್ಟು ಬಂದದ್ದು ನಿಜ. ಜೂನಿನಲ್ಲಿ ನಮಗೇ ಜ್ವರ ಬಂದು ಖೋಲಿಯಲ್ಲಿ ಬಂದಿಗಳಾದೆವು. ಆಗ ಹೊಸ್ತಿಲ ಹೊರಗೆ ಸ್ಟೂಲಿಟ್ಟು, ಎರಡು ಹೊತ್ತೂ ಅದರ ಮೇಲೆ ಡಬ್ಬಿ ಇರಿಸಿ, ದೂರ ನಿಂತು "ಜೇವಲಾತ ಕಾ?" ಎಂದು ಕೂಗುತ್ತಿದ್ದವರು ಆ ಮನೆಯ ಆಜಿಬಾಯಿಯೇ.

ಪಕ್ಕದ ಖೋಲಿಯಲ್ಲಿ ಹೋಟೆಲು ಮುಚ್ಚಿ ಸಂಬಳವಿಲ್ಲದೆ ಕುಳಿತ ಐವರು ಹುಡುಗರಿದ್ದರು, ನಮ್ಮ ಉಡುಪಿಯ ಕಡೆಯವರು. ಎಲ್ಲರಿಗೂ ನೀರು ತುಂಬಿಕೊಡುವ ಕೆಲಸವನ್ನು ಅವರೇ ವಹಿಸಿಕೊಂಡರು. ಚಾಳಿನವರು ಅವರಿಗೆ ಅಕ್ಕಿ ಬೇಳೆ ಕೊಡಿಸಿದರು. ಇದನ್ನು ಯಾರೂ ದಾನವೆನ್ನಲಿಲ್ಲ. ವಂತಿಗೆಯ ಲೆಕ್ಕ ಬರೆಯುವುದು, ಗುಣವಾದ ಮೇಲೆ, ನಮ್ಮ ಪಾಲಿಗೆ ಬಂತು. ಕೊಟ್ಟವರ ಹೆಸರನ್ನು ಬರೆಯಿರಿ, ಪಡೆದವರದು ಬೇಡ ಎಂದು ಎಲ್ಲರೂ ಒಮ್ಮತದಿಂದ ಹೇಳಿದರು. ಬ್ಯಾಂಕಿನಲ್ಲಾದರೆ ಇಂಥ ವಹಿಯನ್ನು ಆಡಿಟರು ಒಪ್ಪುತ್ತಿರಲಿಲ್ಲ. ಅದಿನ್ನೂ ನಮ್ಮ ಟ್ರಂಕಿನಲ್ಲಿದೆ. ಆರೂವರೆ ರೂಪಾಯಿ ಕೊನೆಗೂ ತಾಳೆಯಾಗಿಲ್ಲ.