ಅವ್ವ ನೋಡಿದ ಹಾಡುಗಳು

ನಮ್ಮ ಅವ್ವನಿಗೆ ಕಿವಿ ಹೋದದ್ದು 1971ರಲ್ಲಿ. ಕ್ಷಯಕ್ಕೆಂದು ಕೊಟ್ಟ ಸ್ಟ್ರೆಪ್ಟೊಮೈಸಿನ್ ಸೂಜಿಗಳು ಅವಳ ಜೀವ ಉಳಿಸಿದವು, ಕಿವಿ ತೆಗೆದುಕೊಂಡವು. ಆ ಔಷಧಕ್ಕೆ ಅಂಥ ಗುಣವಿದೆಯೆಂಬುದು ವೈದ್ಯರಿಗೆ ಆಗಲೇ ಗೊತ್ತಿತ್ತು. ಆದರೆ ಸಾಯುವುದಕ್ಕಿಂತ ಕೆಪ್ಪಾಗುವುದು ಮೇಲು ಎಂಬ ಲೆಕ್ಕ. ಲೆಕ್ಕ ತಪ್ಪಲ್ಲ. ಅವ್ವ ಅದಾದ ಮೇಲೆ ಮೂವತ್ನಾಲ್ಕು ವರ್ಷ ಬದುಕಿದಳು.

ಅವಳ ತವರು ಕುಂದಗೋಳ. ಸವಾಯಿ ಗಂಧರ್ವರ ಊರು. ಅಲ್ಲಿಯ ಪುಣ್ಯತಿಥಿಯ ಸಂಗೀತಕ್ಕೆ ಹುಡುಗಿಯಾಗಿದ್ದಾಗ ಅಪ್ಪನ ಕೈ ಹಿಡಿದುಕೊಂಡು ಹೋಗಿ, ಕಂಬಕ್ಕೆ ಒರಗಿ, ಬೆಳತನಕ ಭೀಮಸೇನ ಜೋಶಿಯವರನ್ನು ಕೇಳಿದವಳು. ಮದುವೆಯಾಗಿ ಹುಬ್ಬಳ್ಳಿಗೆ ಬಂದಮೇಲೆ ಧಾರವಾಡ ಆಕಾಶವಾಣಿ, ಬುಧವಾರ ರಾತ್ರಿ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಹಾಡಿನ ತಾಳಕ್ಕೆ ಹೊಂದಿಕೊಳ್ಳುತ್ತಿತ್ತೆಂದು ನಮ್ಮ ಸೋದರತ್ತೆ ಹೇಳಿ ನಗುತ್ತಿದ್ದಳು. ಕಿವಿ ಹೋದಮೇಲೆ ಅವ್ವ ರೇಡಿಯೊಕ್ಕೆ ಒಂದು ಹೂವಿನ ಕವಚ ಹೊಲಿದು ಹೊದಿಸಿಬಿಟ್ಟಳು. ನಾವು ಕೇಳುವಾಗ ಕವಚ ತೆಗೆದು ಕೇಳಿ ಮತ್ತೆ ಹೊದಿಸುತ್ತಿದ್ದೆವು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

1985ರಲ್ಲಿ ನಮ್ಮ ಮನೆಗೆ ಟಿ.ವಿ. ಬಂತು. ಮರದ ಶಟರಿನ ಕಪ್ಪು-ಬಿಳುಪಿನ ಪೆಟ್ಟಿಗೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಸಾಲ ಮಾಡಿ ತಂದದ್ದು. ಅವ್ವನಿಗಾಗಿ ತಂದೆನೆಂದು ಹೇಳಿದರೆ ಸುಳ್ಳಾದೀತು, ಕ್ರಿಕೆಟ್ಟಿಗಾಗಿ ತಂದೆ. ಆದರೆ ಮೊದಲ ವಾರವೇ ಒಂದು ಸಂಜೆ ಚಿತ್ರಹಾರ್ ನಡೆದಾಗ ಅವ್ವ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಪರದೆಯ ಮೇಲೆ ಯಾವುದೋ ಹಳೆಯ ಹಿಂದಿ ಹಾಡು. ನಟಿಯ ತುಟಿಗಳನ್ನು ಒಂದು ನಿಮಿಷ ನೋಡಿದವಳು ಹಾಡಿನ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಳು. ಸರಿಯಾಗಿಯೇ ಇತ್ತು. ಹದಿನಾಲ್ಕು ವರ್ಷಗಳ ನಂತರ ಅವ್ವ ಒಂದು ಹಾಡನ್ನು ಗುರುತಿಸಿದ್ದಳು.

ಅಂದಿನಿಂದ ಟಿ.ವಿ. ಪಕ್ಕದ ಮೊಳೆಗೆ ಒಂದು ಪಾಟಿ ತೂಗುಹಾಕಿದೆವು. ಹಾಡಿನ ಜೊತೆಗೆ ಹೇಳುವ ಚಿತ್ರದ ಹೆಸರು, ಹಾಡಿದವರ ಹೆಸರು ಇವನ್ನು ಅವಸರದಿಂದ ಕನ್ನಡದಲ್ಲಿ ಬರೆದು ತೋರಿಸುವುದು ನನ್ನ ಕೆಲಸ. ಚಲನಚಿತ್ರ ಸಂಗೀತದ ಬಗ್ಗೆ ನನಗೆ ಏನಾದರೂ ತಿಳಿದಿದ್ದರೆ ಅದು ಆ ಪಾಟಿಯ ಪುಣ್ಯ.

ಹಾಡನ್ನು ನೋಡುವ ವಸ್ತುವನ್ನಾಗಿ ಮಾಡಿದ್ದು ಅಮೆರಿಕದ ಎಂ.ಟಿ.ವಿ. ಎಂದು ಈಗಿನವರು ತಿಳಿದಿರುತ್ತಾರೆ. ಅದು ಶುರುವಾದದ್ದು 1981ರ ಆಗಸ್ಟ್ 1ರಂದು. ವಿಡಿಯೊ ಬಂದು ರೇಡಿಯೊ ಕಲಾವಿದನನ್ನು ಕೊಂದಿತೆಂಬ ಅರ್ಥದ ಹಾಡನ್ನೇ ಮೊದಲು ತೋರಿಸಿ ತನ್ನ ಉದ್ದೇಶ ಸಾರಿತು. ಆದರೆ ನಮ್ಮಲ್ಲಿ 1931ರ 'ಆಲಂ ಆರಾ'ದಿಂದಲೂ ಸಿನಿಮಾ ಎಂದರೆ ಹಾಡು. ಪ್ರತಿ ಹಾಡಿಗೂ ಒಂದು ತೋಟ, ಒಂದು ಮಳೆ, ಒಂದು ಮುಖ. ಮುಂಬಯಿ ದೂರದರ್ಶನ ಆ ಹಾಡುಗಳನ್ನು ಕತ್ತರಿಸಿ ಪೋಣಿಸಿ 'ಛಾಯಾಗೀತ್' ಎಂದು ಎಪ್ಪತ್ತರ ದಶಕದಲ್ಲೇ ತೋರಿಸುತ್ತಿತ್ತು. ರಾಷ್ಟ್ರೀಯ ಪ್ರಸಾರದಲ್ಲಿ ಚಿತ್ರಹಾರ್, ಬೆಂಗಳೂರಿನಲ್ಲಿ ಚಿತ್ರಮಂಜರಿ ಎಲ್ಲ ಅದೇ ಜಾತಿಯವು. ಹೊಸದಾಗಿ ಏನನ್ನೂ ಚಿತ್ರೀಕರಿಸಬೇಕಿಲ್ಲ. ಅರ್ಧ ಗಂಟೆ ತುಂಬುತ್ತದೆ. ಇಡೀ ಓಣಿ ಕೂತು ನೋಡುತ್ತದೆ.

ಬೆಂಗಳೂರಿನ ಚಿತ್ರಮಂಜರಿ ನಮ್ಮ ಮನೆಗೆ ಸ್ವಲ್ಪ ತಡವಾಗಿ ದಕ್ಕಿತು. ಅಷ್ಟರಲ್ಲಿ ಬಣ್ಣದ ಟಿ.ವಿ. ಬಂದಿತ್ತು. ಒಂದು ದಿನ ರಾಜಕುಮಾರರ ಹಾಡು. ಅವ್ವ ಕಣ್ಣರಳಿಸಿ ನೋಡಿದಳು. 'ಪಿ.ಬಿ. ಶ್ರೀನಿವಾಸ ಎಷ್ಟು ಛಂದ ಹಾಡ್ಯಾನ' ಅಂದಳು. ನನಗೆ ಆಗ ಹೊಳೆಯಿತು. ಅವ್ವನಿಗೆ ಕಿವಿಯಿದ್ದ ಕಾಲದಲ್ಲಿ ರಾಜಕುಮಾರರ ತುಟಿಗೆ ಪಿ.ಬಿ. ಶ್ರೀನಿವಾಸರದೇ ಕಂಠ. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡಿನ ನಂತರವಲ್ಲವೆ ರಾಜಕುಮಾರರು ತಮಗೆ ತಾವೇ ಹಾಡತೊಡಗಿದ್ದು? ಇಡೀ ಕರ್ನಾಟಕಕ್ಕೆ ಗೊತ್ತಿದ್ದ ಆ ದನಿ ಅವ್ವನಿಗೆ ಗೊತ್ತಿರಲಿಲ್ಲ. ಪಾಟಿಯ ಮೇಲೆ ಬರೆದೆ: 'ಈಗ ಅವರೇ ಹಾಡುತ್ತಾರೆ.' ಅವ್ವ ಓದಿ, ಪರದೆ ನೋಡಿ, ಮತ್ತೆ ನನ್ನ ಕಡೆ ನೋಡಿ ಕೇಳಿದಳು: 'ಹ್ಯಾಂಗದ ಅವರ ದನಿ?'

ಸುಣ್ಣದ ಕಡ್ಡಿ ಹಿಡಿದುಕೊಂಡು ಕೂತೆ. 'ಛಲೋ ಅದ' ಎಂದು ಬರೆದೆ. ಅವ್ವ ನಕ್ಕು ಸುಮ್ಮನಾದಳು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

1988ರ ಸ್ವಾತಂತ್ರ್ಯ ದಿನದಂದು ದೂರದರ್ಶನ 'ಮಿಲೇ ಸುರ್ ಮೇರಾ ತುಮ್ಹಾರಾ' ತೋರಿಸಿತು. ಸಿನಿಮಾದಿಂದ ಕತ್ತರಿಸಿದ್ದಲ್ಲ, ಹಾಡಿಗೆಂದೇ ಚಿತ್ರೀಕರಿಸಿದ್ದು. ಭೈರವಿ ರಾಗ, ಆರು ನಿಮಿಷ, ಹದಿನಾಲ್ಕು ಭಾಷೆ, ನಡುವೆ ನಮ್ಮ ಕನ್ನಡವೂ ಒಂದು ಸಾಲು. ನಮ್ಮ ದೇಶದ ಅತಿ ಹೆಚ್ಚು ಜನ ನೋಡಿದ ಸಂಗೀತ ವಿಡಿಯೊಗಳಲ್ಲಿ ಅದೂ ಒಂದೆಂದರೆ ಯಾರೂ ಜಗಳಕ್ಕೆ ಬರಲಾರರು. ಮೊದಲ ಮುಖವೇ ಭೀಮಸೇನ ಜೋಶಿಯವರದು. ಅವ್ವ ಪಾಟಿ ಕೇಳಲಿಲ್ಲ. ಅವರ ಕೈ ಮೇಲೇರುವುದನ್ನು ನೋಡಿ ತನ್ನ ಕೈಯನ್ನೂ ಸ್ವಲ್ಪ ಎತ್ತಿದಳು. ಆ ದನಿ ಅವಳಲ್ಲಿ ಮೊದಲೇ ಇತ್ತು. ಆಮೇಲೆ ಆ ಹಾಡು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ಬಂದಾಗೆಲ್ಲ ಅಂಗಳದಲ್ಲಿದ್ದ ಅವ್ವನನ್ನು ಓಡಿಹೋಗಿ ಕರೆಯುವುದು ಮಕ್ಕಳಿಗೊಂದು ಆಟವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದ ಭಾವಗೀತೆ ಅವ್ವನಿಗೆ ಸಿಗಲೇ ಇಲ್ಲ. ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದದ್ದು 1978ರಲ್ಲಿ. ಮೈಸೂರು ಅನಂತಸ್ವಾಮಿ, ಅಶ್ವತ್ಥ ಮುಂತಾದವರು ಮನೆಮನೆಗೆ ತಲುಪಿದ್ದು ಕ್ಯಾಸೆಟ್ಟಿನ ಮೂಲಕ. ಕ್ಯಾಸೆಟ್ಟಿಗೆ ಮುಖವಿಲ್ಲ. ಕವಿತೆಯನ್ನು ಅವ್ವ ಪುಸ್ತಕದಲ್ಲಿ ಓದುತ್ತಿದ್ದಳು, ಆದರೆ ಅದೊಂದು ಹಾಡು ಎಂಬುದು ಅವಳಿಗೆ ಸುದ್ದಿ ಮಾತ್ರ.

1993ರಲ್ಲಿ ನಮ್ಮ ಓಣಿಗೆ ಕೇಬಲ್ ಬಂತು. ಎಂ.ಟಿ.ವಿ. 1991ರಲ್ಲಿಯೇ ಸ್ಟಾರ್ ಸಂಸ್ಥೆಯ ಉಪಗ್ರಹದ ಬೆನ್ನೇರಿ ಇಂಡಿಯಕ್ಕೆ ಬಂದಿತ್ತು. 1994ರಲ್ಲಿ ಇಬ್ಬರಿಗೂ ಸರಿಬರದೆ ಬೇರೆಯಾದಾಗ ಸ್ಟಾರ್‌ನವರು ಚಾನೆಲ್ ವಿ ತೆರೆದರು, 1996ರಲ್ಲಿ ಎಂ.ಟಿ.ವಿ. ಇಲ್ಲಿಯದೇ ಒಂದು ವಾಹಿನಿಯಾಗಿ ಮರಳಿತು. ಇಬ್ಬರಿಗೂ ಇಪ್ಪತ್ನಾಲ್ಕು ಗಂಟೆ ತುಂಬಲು ಹಾಡು ಬೇಕು. ಹೀಗೆ ಸಿನಿಮಾದ ಹಂಗಿಲ್ಲದ ಹಾಡುಗಾರರಿಗೆ ಒಂದು ಕಾಲ ಬಂತು.

ಆ ಕಾಲದ ಅತಿ ದೊಡ್ಡ ಹಾಡು 1995ರ 'ಮೇಡ್ ಇನ್ ಇಂಡಿಯಾ'. ಹಾಡಿದವಳು ಅಲಿಶಾ ಚಿನಾಯ್, ಸಂಗೀತ ಬಿದ್ದು. ಈ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಅರವತ್ತರ ದಶಕದಲ್ಲಿ ಲಂಡನ್ನಿಗೆ ಹೋಗಿ 1974ರಲ್ಲಿ 'ಕುಂಗ್ ಫೂ ಫೈಟಿಂಗ್' ಹಾಡಿನಿಂದ ಲೋಕವನ್ನೇ ಕುಣಿಸಿದವರು. ಅರಮನೆ, ರಾಣಿ, ದೇಶದೇಶದ ವರಗಳು, ಕೊನೆಗೆ ಪೆಟ್ಟಿಗೆಯೊಳಗಿಂದ ಎದ್ದುಬರುವ ಮಿಲಿಂದ್ ಸೋಮನ್. ನನಗೆ ಅದು ಸೋಪಿನ ಜಾಹೀರಾತಿನಂತೆ ಕಂಡಿತು. ಅವ್ವನಿಗೆ ಕಂಡದ್ದೇ ಬೇರೆ. 'ಇಕಿ ತನ್ನ ಹಾಡು ತಾನ ಹಾಡ್ಯಾಳ' ಅಂದಳು. ಹ್ಯಾಗೆ ಗೊತ್ತಾಯಿತೆಂದು ಕೇಳಿದೆ. 'ಗಂಟಲಾ ನೋಡು. ಸಿನೆಮಾದವರು ಉಸರ ತಗೊಳ್ಳೂದಿಲ್ಲ' ಎಂದಳು. ಹತ್ತು ವರ್ಷ ಚಿತ್ರಹಾರ್ ನೋಡಿದ ನನಗೆ ಇದು ಹೊಳೆದಿರಲಿಲ್ಲ.

1996ರಲ್ಲಿ ಲಕ್ಕಿ ಅಲಿಯ 'ಓ ಸನಮ್' ಬಂತು. ಈಜಿಪ್ತಿನ ಮರಳು, ಪಿರಮಿಡ್ಡು, ಜನ್ಮಾಂತರದ ಪ್ರೀತಿ. ಮೆಹಮೂದನ ಮಗ ಎಂದು ಪಾಟಿಯ ಮೇಲೆ ಬರೆದವಳು ನನ್ನ ಮಗಳು. ಅಷ್ಟು ಹೊತ್ತಿಗೆ ಪಾಟಿ ಅವಳ ಕೈಗೆ ಹೋಗಿತ್ತು. ಹಾಡಿನ ಮೊದಲಿಗೂ ಕೊನೆಗೂ ಪರದೆಯ ಮೂಲೆಯಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು ಇಂಗ್ಲಿಷಿನಲ್ಲಿ ಮೂಡುತ್ತಿದ್ದವಲ್ಲ, ಅದನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ಬರೆಯುತ್ತಿದ್ದಳು. ಅವ್ವ ನೋಡಿ, 'ಮಾರಿ ಅಪ್ಪಂದ' ಎಂದು ತೀರ್ಪು ಕೊಟ್ಟಳು. ಅಜ್ಜಿ ಮೊಮ್ಮಗಳು ರಾತ್ರಿ ಎಂಟರಿಂದ ಒಂಬತ್ತರವರೆಗೆ ಹಾಗೆ ಕೂತಿರುತ್ತಿದ್ದರು. ಅವ್ವ ಅರ್ಧ ಹೊತ್ತು ಪರದೆ ನೋಡಿದರೆ ಇನ್ನರ್ಧ ಹೊತ್ತು ಮಗಳ ಮುಖ ನೋಡುತ್ತಿದ್ದಳು. ಹಾಡಿನ ಯಾವ ಜಾಗ ಛಲೋ ಇದೆಯೆಂಬುದು ಅವಳಿಗೆ ಅಲ್ಲಿಂದ ತಿಳಿಯುತ್ತಿತ್ತು.

1998ರಲ್ಲಿ ಮಗಳು ಎಸ್.ಎಸ್.ಎಲ್.ಸಿ.ಗೆ ಬಂದಳು. ಆ ಕಾಲದ ಎಲ್ಲ ತಂದೆಯರ ಹಾಗೆ ನಾನೂ ಕೇಬಲ್ ಕತ್ತರಿಸಿ ಹಾಕಿಸಿದೆ. ಮಗಳು ಅತ್ತಳು, ಬೈದೆ. ಅವ್ವನ ನೆನಪು ನನಗೆ ಆಗಲೇ ಇಲ್ಲ. ಸತ್ಯವಾಗಿಯೂ ಆಗಲಿಲ್ಲ. ಹತ್ತು ಹದಿನೈದು ದಿನ ಅವ್ವ ಎಂಟು ಗಂಟೆಗೆ ಬಂದು ಆರಿದ ಟಿ.ವಿ. ಮುಂದೆ ಕೂತು, ಒಂಬತ್ತಕ್ಕೆ ಎದ್ದುಹೋಗುತ್ತಿದ್ದಳು. ವಯಸ್ಸಾದವರ ರೂಢಿ ಎಂದುಕೊಂಡೆ. ಫಾಲ್ಗುಣಿ ಪಾಠಕ್, ಸಿಲ್ಕ್ ರೂಟ್ ಮೊದಲಾದವರ ಒಳ್ಳೊಳ್ಳೆಯ ಹಾಡುಗಳು ಬಂದ ವರ್ಷ ಅದು. ಮರುವರ್ಷ ಕೇಬಲ್ ಮತ್ತೆ ಹಾಕಿಸಿದಾಗ ಮಗಳು ಕಾಲೇಜಿಗೆ ಧಾರವಾಡಕ್ಕೆ ಹೋಗಿದ್ದಳು. ಪಾಟಿಗೆ ಕೈ ಇರಲಿಲ್ಲ.

ಹಾಡುಗಳೂ ಬದಲಾಗತೊಡಗಿದ್ದವು. ಕಾರಣ ಗುಟ್ಟಿನದೇನಲ್ಲ. ಹೊಸ ಹಾಡುಗಾರನ ಮೇಲೆ ದುಡ್ಡು ಹಾಕುವುದಕ್ಕಿಂತ ಸಿನಿಮಾದ ಹಾಡು ಕೊಳ್ಳುವುದು ಕಂಪನಿಗಳಿಗೆ ಸುಲಭ. ಅದರ ಜಾಹೀರಾತನ್ನು ಚಿತ್ರದವರೇ ಮಾಡುತ್ತಾರೆ. ಕದ್ದು ಮಾಡಿದ ಸಿ.ಡಿ.ಗಳು ಬಂದಮೇಲೆ ಕ್ಯಾಸೆಟ್ ಮಾರಿ ವಿಡಿಯೊದ ಖರ್ಚು ಎತ್ತುವುದು ಅಸಾಧ್ಯವಾಯಿತು. 2002ರಲ್ಲಿ 'ಕಾಂಟಾ ಲಗಾ' ಬಂತು. ಮೂವತ್ತು ವರ್ಷ ಹಳೆಯ ಸಿನಿಮಾ ಹಾಡಿಗೆ ಹೊಸ ತಾಳ ಕೂಡಿಸಿದ್ದು. ಅವ್ವ ಒಂದೆರಡು ಅಂಥವನ್ನು ನೋಡಿ, 'ಯಾರ ತುಟೀನೂ ಎರಡ ಕ್ಷಣ ನಿಲ್ಲೂದಿಲ್ಲ' ಎಂದು ಎದ್ದಳು.

ಇನ್ನೊಂದು ಕಾರಣ ಹೆಚ್ಚು ಆಳದ್ದು. ಹಾಡು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಮುಗಿದಾಗ, ಮುಂದಿನದು ಹಿಡಿಸದಿದ್ದರೆ, ಬೆರಳು ರಿಮೋಟಿಗೆ ಹೋಗುತ್ತದೆ. ಜಾಹೀರಾತಿನವರಿಗೆ ಬೇಕಾದದ್ದು ಅರ್ಧ ಗಂಟೆ ಕದಲದೆ ಕೂರುವ ನೋಡುಗ. ಅವನನ್ನು ಕೂರಿಸುವುದು ಜಗಳ, ಅಳು, ಯಾರು ಗೆದ್ದರೆಂಬ ಕುತೂಹಲ. ಎಂ.ಟಿ.ವಿ.ಯಲ್ಲಿ 2003ರಲ್ಲಿ 'ರೋಡೀಸ್' ಶುರುವಾಯಿತು. ಒಂದು ಸಂಜೆ ಅವ್ವ ಬಹಳ ಹೊತ್ತು ನೋಡಿ ನನ್ನನ್ನು ಕರೆದು ಕೇಳಿದಳು: 'ಇವರು ಹಾಡೂದು ಯಾವಾಗ?' ಇವರು ಹಾಡುವುದಿಲ್ಲವೆಂದು ಪಾಟಿಯ ಮೇಲೆ ಬರೆದೆ.

ಅವ್ವ ತೀರಿಕೊಂಡದ್ದು 2005ರಲ್ಲಿ. ಯೂಟ್ಯೂಬ್ ಹುಟ್ಟಿದ್ದೂ ಅದೇ ವರ್ಷ. 2010ರಲ್ಲಿ ಅಮೆರಿಕದ ಎಂ.ಟಿ.ವಿ. ತನ್ನ ಲಾಂಛನದ ಕೆಳಗಿದ್ದ 'ಸಂಗೀತ ಟೆಲಿವಿಷನ್' ಎಂಬ ಮಾತನ್ನೇ ಅಳಿಸಿಕೊಂಡಿತು. ಇಲ್ಲಿ ಚಾನೆಲ್ ವಿ 2018ರಲ್ಲಿ ಮುಚ್ಚಿತು. ಹುಟ್ಟುವಾಗ ಗದ್ದಲ ಮಾಡಿದವು, ಹೋಗುವಾಗ ಬಾಗಿಲು ಹಾಕಿದ ಸಪ್ಪಳವೂ ಆಗಲಿಲ್ಲ.

ನಷ್ಟವೇನೂ ಆಗಿಲ್ಲ ಎನ್ನುತ್ತಾಳೆ ಮಗಳು. ಎಲ್ಲ ಹಾಡೂ ಫೋನಿನಲ್ಲಿದೆ, ಬೇಕಾದಾಗ ಬೇಕಾದ್ದು, ಕೆಳಗೆ ಅಕ್ಷರ ಕೂಡ ಬರುತ್ತದೆ, ಅಜ್ಜಿಗೆ ಪಾಟಿಯೇ ಬೇಕಾಗುತ್ತಿರಲಿಲ್ಲ ಎನ್ನುತ್ತಾಳೆ. ಅವಳು ಹೇಳುವುದು ನಿಜ. ಆದರೆ ನಮ್ಮ ಮನೆಯಲ್ಲಿ ಈಗ ನಾಲ್ವರು ನಾಲ್ಕು ಮೂಲೆಯಲ್ಲಿ ಕಿವಿಗೆ ಗುಂಡಿ ಸಿಗಿಸಿಕೊಂಡು ಕೂತಿರುವಾಗ, ಯಾರ ಮುಖದಲ್ಲಿ ಯಾವ ಹಾಡು ನಡೆದಿದೆಯೆಂದು ಕಿವಿ ಇದ್ದ ನನಗೇ ತಿಳಿಯುವುದಿಲ್ಲ. ಅವ್ವ ಯಾರ ಮುಖ ನೋಡಿ ಹಾಡು ಕೇಳುತ್ತಿದ್ದಳು?

ಮೊನ್ನೆ ರಾತ್ರಿ ಫೋನಿನಲ್ಲಿ ರಾಜಕುಮಾರರ ಎಮ್ಮೆ ಹಾಡನ್ನು ಹುಡುಕಿ, ದನಿ ಪೂರ್ತಿ ಅಡಗಿಸಿ ನೋಡಿದೆ. ಅವ್ವನಿಗೆ ಕೇಳುತ್ತಿದ್ದ ಹಾಗೆ ಆ ತುಟಿಗಳಿಗೆ ಪಿ.ಬಿ. ಶ್ರೀನಿವಾಸರ ಕಂಠ ಕೂಡಿಸಲು ಪ್ರಯತ್ನಿಸಿದೆ. ಆಗಲಿಲ್ಲ. ನನ್ನ ತಲೆಯೊಳಗೆ ರಾಜಕುಮಾರರದೇ ದನಿ ಬಂತು. ಹಾಡು ಮುಗಿದಮೇಲೆ, ಆ ದನಿ ಹ್ಯಾಂಗದ ಎಂದು ಬರೆಯಲು ಒಂದು ಹಾಳೆ ತೆಗೆದುಕೊಂಡು ಕೂತೆ. ಬರೆದದ್ದು ಈ ಪ್ರಬಂಧ. ಆ ಪ್ರಶ್ನೆಗೆ ಉತ್ತರ ಇದರಲ್ಲಿಯೂ ಇಲ್ಲ.